ನಂಬುಗೆಯ ಬೆಲೆ, ಹೊಣೆಯ ಎಲ್ಲೆ

1962ರ ಸೆಪ್ಟೆಂಬರ್ ತಿಂಗಳು. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ತರಬೇತಿಗೆಂದು ಬಂದಿದ್ದ ಬೋರ್‌ಸ್ಟಲ್ ಸುಧಾರಣಾ ಶಾಲೆಯ ಏಳು ಹುಡುಗರು ರಾತ್ರಿ ತಪ್ಪಿಸಿಕೊಂಡು, ಲಂಗರು ಹಾಕಿದ್ದ ವಿಹಾರನೌಕೆಗೆ ಹಾನಿ ಮಾಡಿದರು. ಕಾವಲಿನ ಮೂವರು ಅಧಿಕಾರಿಗಳು ನಿದ್ರಿಸುತ್ತಿದ್ದರೆಂಬುದು ಮಾಲೀಕರ ಆರೋಪ. ಸಾರ್ವಜನಿಕ ಹಿತದ ದೃಷ್ಟಿಯಿಂದ ತನಗೆ ವಿನಾಯಿತಿ ಬೇಕೆಂದು ಸರ್ಕಾರ ವಾದಿಸಿತು.

1970ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ವಾದವನ್ನು ಒಪ್ಪಲಿಲ್ಲ. ಆದರೆ ಹೊಣೆಗೆ ಎಲ್ಲೆಯನ್ನೂ ಹಾಕಿತು. ತಿದ್ದುವ ಸಲುವಾಗಿ ವಿವೇಚನೆಯಿಂದ ಕೊಟ್ಟ ಸ್ವಾತಂತ್ರ್ಯ ವಿಫಲವಾದ ಮಾತ್ರಕ್ಕೆ ಸರ್ಕಾರ ದೋಷಿಯಲ್ಲ. ಆಜ್ಞೆ ಮೀರಿ ಕಾವಲು ಮರೆತರೆ, ಸಮೀಪದವರಿಗೆ ಆಗಬಹುದೆಂದು ಮೊದಲೇ ಊಹಿಸಬಹುದಾದ ಹಾನಿಗೆ ಅದು ಉತ್ತರಿಸಲೇಬೇಕು.

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿಸಿದೆ. ತಪ್ಪಿದವರನ್ನು ತಿದ್ದುವ ಪ್ರಯತ್ನವೂ ನೆರೆಯವರ ರಕ್ಷಣೆಯೂ ಒಂದನ್ನೊಂದು ನುಂಗಬಾರದೆಂಬ ವಿವೇಕ ಇಲ್ಲಿಯೂ ಬೇಕಾದುದೇ.