ಒಂದು ದಿನದ ಓಟಕ್ಕೆ ಊರಿನ ರಸ್ತೆ

ಮಕ್ಕಳೇ, ಜಾತ್ರೆಯಲ್ಲಿ ಎತ್ತಿನ ಗಾಡಿಯ ಶರ್ಯತ್ತು ನೋಡಿದ್ದೀರಲ್ಲವೇ? ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಶರ್ಯತ್ತು ಎಂದರೆ ಬೆಳಗಿನಿಂದಲೇ ಜನ ಸೇರುತ್ತಾರೆ. ಮೊದಲು ದೂರದಲ್ಲಿ ಧೂಳು ಕಾಣುತ್ತದೆ. 'ಬಂತು, ಬಂತು' ಎಂಬ ಕೂಗು ಏಳುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಾಡಿ ದಾಟಿ ಹೋಗುತ್ತದೆ. ನೋಡುವುದು ಅರೆಗಳಿಗೆ, ಕಾಯುವುದು ಇಡೀ ದಿನ!

ಮೋಟಾರು ಕಾರುಗಳ ಓಟಕ್ಕೂ ಜನ ಹೀಗೆಯೇ ಕಾಯುತ್ತಾರೆ. ಸಾಮಾನ್ಯವಾಗಿ ಇಂಥ ಓಟಕ್ಕೆಂದೇ ಊರ ಹೊರಗೆ ಕಟ್ಟಿದ ಪಥ ಇರುತ್ತದೆ. ಆದರೆ ಕೆಲವು ಊರುಗಳಲ್ಲಿ ಬಸ್ಸು, ಆಟೋ, ಸೈಕಲ್ಲು ಓಡಾಡುವ ರಸ್ತೆಗಳನ್ನೇ ಕೆಲವು ದಿನ ಮುಚ್ಚಿ ಓಟ ನಡೆಸುತ್ತಾರೆ. ಇದಕ್ಕೆ 'ಸ್ಟ್ರೀಟ್ ಸರ್ಕಿಟ್', ಅಂದರೆ ಬೀದಿ ಪಥ ಎಂದು ಹೆಸರು. ಓಟ ಮುಗಿದ ಮೇಲೆ ಅದು ಮತ್ತೆ ಊರಿನ ರಸ್ತೆ. ಕೆಲವು ಬೀದಿ ಪಥಗಳಲ್ಲಂತೂ ಓಟ ಒಂದು ದಿನ ನಿಂತೇ ಹೋಗುತ್ತದೆ. ಹೀಗೇಕೆ? ಸಾಧಾರಣ ರಸ್ತೆ ಓಟದ ಪಥವಾಗಲು ಏನೇನು ಬೇಕು? ನೋಡೋಣ ಬನ್ನಿ.

ಹುಸೇನ್ ಸಾಗರದ ದಂಡೆಯಲ್ಲಿ

ನಮ್ಮ ನೆರೆಯ ರಾಜ್ಯ ತೆಲಂಗಾಣದ ಹೈದರಾಬಾದಿನಲ್ಲಿ 2023ರ ಫೆಬ್ರವರಿ 11ರಂದು ಇಂಥದೊಂದು ಓಟ ನಡೆಯಿತು. ಹುಸೇನ್ ಸಾಗರ ಕೆರೆಯ ದಂಡೆಯ ರಸ್ತೆಗಳನ್ನು ಸೇರಿಸಿ 2.835 ಕಿ.ಮೀ. ಉದ್ದದ ಪಥ ಮಾಡಿದ್ದರು. ಅದರಲ್ಲಿ 18 ತಿರುವುಗಳು. ಓಡಿದ್ದು ಪೆಟ್ರೋಲ್ ಕಾರುಗಳಲ್ಲ, ಬ್ಯಾಟರಿಯಿಂದ ಓಡುವ ವಿದ್ಯುತ್ ಕಾರುಗಳು. ಈ ಸ್ಪರ್ಧೆಯ ಹೆಸರು 'ಫಾರ್ಮುಲಾ ಇ'. ಭಾರತದಲ್ಲಿ ಅದು ನಡೆದದ್ದು ಅದೇ ಮೊದಲು. ಫ್ರಾನ್ಸಿನ ಜಾನ್ ಎರಿಕ್ ವೆರ್ನ್ ಗೆದ್ದರು.

ಮುಂದಿನ ಓಟ 2024ರ ಫೆಬ್ರವರಿ 10ಕ್ಕೆ ನಿಗದಿಯಾಗಿತ್ತು. ಅಭಿಮಾನಿಗಳು ದಿನ ಎಣಿಸುತ್ತಿದ್ದರು. ಆದರೆ ಜನವರಿ ಮೊದಲ ವಾರದಲ್ಲೇ ಓಟ ರದ್ದಾಯಿತು ಎಂಬ ಸುದ್ದಿ ಬಂತು. ಸರ್ಕಾರ ಮತ್ತು ಸಂಘಟಕರ ನಡುವಿನ ಒಪ್ಪಂದ ಮುಂದುವರಿಯಲಿಲ್ಲ. 2023ರಲ್ಲಿ ಓಟ ನೋಡಿದವರಿಗೆ, ತಾವು ನೋಡಿದ ಓಟದ ಮುಂದಿನ ವರ್ಷ ಓಟವೇ ಇರುವುದಿಲ್ಲವೆಂದು ಆಗ ಗೊತ್ತಿರಲಿಲ್ಲ.

ಮುಚ್ಚಳಕ್ಕೂ ಬೀಗ!

ನಿಮ್ಮ ಊರ ಪೇಟೆಯ ರಸ್ತೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ತಗ್ಗು, ಉಬ್ಬು, ಬಣ್ಣದ ಪಟ್ಟೆ, ಒಳಚರಂಡಿಯ ಕಬ್ಬಿಣದ ಮುಚ್ಚಳ ಎಲ್ಲ ಇರುತ್ತವಲ್ಲ? ಬೀದಿ ಪಥ ಮಾಡುವಾಗ ತಗ್ಗು ತುಂಬಿ, ಉಬ್ಬು ತೆಗೆದು, ಹೊಸ ಡಾಂಬರು ಹಾಕುತ್ತಾರೆ. ಮುಚ್ಚಳಗಳನ್ನು ಬೆಸುಗೆ ಹಾಕಿ ಭದ್ರ ಮಾಡುತ್ತಾರೆ. ಭಾರವಾದ ಕಬ್ಬಿಣದ ಮುಚ್ಚಳ ತಾನಾಗಿ ಏಳುತ್ತದೆಯೇ ಎಂದು ನೀವು ಕೇಳಬಹುದು. ಒಂದು ಪ್ರಯೋಗ ಮಾಡಿ.

ಒಂದೇ ಎತ್ತರದ ಎರಡು ಪುಸ್ತಕಗಳನ್ನು ಒಂದು ಗೇಣು ದೂರದಲ್ಲಿಡಿ. ಅವುಗಳ ಮೇಲೆ ಒಂದು ಹಾಳೆಯನ್ನು ಸೇತುವೆಯಂತೆ ಹಾಸಿ. ಈಗ ಹಾಳೆಯ ಕೆಳಗೆ ಜೋರಾಗಿ ಊದಿ. ಹಾಳೆ ಮೇಲೆ ಹಾರುವ ಬದಲು ಕೆಳಕ್ಕೆ ಬಾಗುತ್ತದೆ! ಕೆಳಗಿನ ಗಾಳಿ ವೇಗವಾಗಿ ಹರಿದಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಮೇಲಿನ ಗಾಳಿ ಹಾಳೆಯನ್ನು ಅದುಮುತ್ತದೆ.

ಓಟದ ಕಾರಿನ ತಳ ನೆಲಕ್ಕೆ ತೀರ ಹತ್ತಿರ ಇರುತ್ತದೆ. ಅದರಡಿ ಗಾಳಿ ಬಹಳ ವೇಗವಾಗಿ ಹರಿಯುವುದರಿಂದ ಕಾರು ರಸ್ತೆಗೆ ಒತ್ತಿಕೊಳ್ಳುತ್ತದೆ. ಅದೇ ಕಡಿಮೆ ಒತ್ತಡ ಸಡಿಲವಾದ ಮುಚ್ಚಳವನ್ನು ಮೇಲಕ್ಕೆ ಸೆಳೆಯಬಹುದು. 2023ರ ನವೆಂಬರಿನಲ್ಲಿ ಅಮೆರಿಕದ ಲಾಸ್ ವೇಗಾಸ್ ನಗರದ ಬೀದಿ ಪಥದಲ್ಲಿ ನೀರಿನ ಕವಾಟದ ಮುಚ್ಚಳವೊಂದು ಕಿತ್ತು ಬಂದು ಓಡುತ್ತಿದ್ದ ಕಾರಿನ ತಳವನ್ನು ಹಾಳುಮಾಡಿತು. ಅಭ್ಯಾಸವನ್ನು ಕೆಲವೇ ನಿಮಿಷಗಳಲ್ಲಿ ನಿಲ್ಲಿಸಬೇಕಾಯಿತು.

ಚಪ್ಪಲಿ ಮತ್ತು ಟೈರು

ಅಥಣಿ, ನಿಪ್ಪಾಣಿ ಕಡೆಯ ತೊಗಲಿನ ಚಪ್ಪಲಿ ನಿಮಗೆ ಗೊತ್ತು. ಅದನ್ನು ಮೆಟ್ಟಿಕೊಂಡು ಒಣ ನೆಲದ ಮೇಲೆ ನಡೆದರೆ ಕಾಲು ಗಟ್ಟಿಯಾಗಿ ಊರುತ್ತದೆ. ಅದೇ ಒದ್ದೆ ಹಾಸುಗಲ್ಲಿನ ಮೇಲೆ? ಜಾರುತ್ತದೆ. ಎರಡು ಮೇಲ್ಮೈಗಳು ಒಂದನ್ನೊಂದು ಹಿಡಿದುಕೊಳ್ಳುವ ಬಲವೇ ಘರ್ಷಣೆ. ನಡುವೆ ನೀರು ಬಂದರೆ ಹಿಡಿತ ಕಡಿಮೆಯಾಗುತ್ತದೆ.

ಕಾರು ಹೊರಡಲು, ನಿಲ್ಲಲು, ತಿರುಗಲು ಘರ್ಷಣೆ ಬೇಕೇ ಬೇಕು. ಮಳೆಯಲ್ಲಿ ಬಳಸುವ ಟೈರಿನಲ್ಲಿ ಗೀರುಗಳಿರುತ್ತವೆ. ಅವುಗಳ ಮೂಲಕ ನೀರು ಹೊರಗೆ ಹೋಗಿ, ರಬ್ಬರು ನೆಲವನ್ನು ಮುಟ್ಟುತ್ತದೆ. ಗೀರು ಸವೆದ ಟೈರು ಮಳೆಯಲ್ಲಿ ಏಕೆ ಅಪಾಯ ಎಂಬುದು ಈಗ ತಿಳಿಯಿತಲ್ಲವೇ? ರಸ್ತೆಯ ಮೇಲಿನ ಬಿಳಿ ಬಣ್ಣದ ಪಟ್ಟೆಯೂ ಒದ್ದೆಯಾದಾಗ ಡಾಂಬರಿಗಿಂತ ಹೆಚ್ಚು ಜಾರುತ್ತದೆ. ಬೀದಿ ಪಥದ ಚಾಲಕರು ಅದರಿಂದ ದೂರವಿರಲು ನೋಡುತ್ತಾರೆ.

ತಿರುವಿನ ಲೆಕ್ಕ

ನಿಪ್ಪಾಣಿ ಹತ್ತಿರದ ಸ್ತವನಿಧಿ ಘಾಟಿನಲ್ಲಿ ಬಸ್ಸು ಎಡಕ್ಕೆ ತಿರುಗಿದರೆ ನೀವು ಬಲಕ್ಕೆ ವಾಲುತ್ತೀರಿ. ಯಾರೂ ನಿಮ್ಮನ್ನು ತಳ್ಳಿಲ್ಲ. ನಿಮ್ಮ ದೇಹ ನೇರವಾಗಿಯೇ ಹೋಗಲು ನೋಡುತ್ತದೆ, ಬಸ್ಸು ತಿರುಗುತ್ತದೆ. ಇದು ಜಡತ್ವ. ಬಸ್ಸನ್ನು ತಿರುವಿನ ಒಳಕ್ಕೆ ಎಳೆದು ತಿರುಗಿಸುವುದು ಟೈರಿನ ಘರ್ಷಣೆ. ಅದೇ ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಬೇಕಾಗುವ ಬಲ ನಾಲ್ಕು ಪಟ್ಟಾಗುತ್ತದೆ. ಅಷ್ಟು ಬಲ ಸಿಗದಿದ್ದರೆ ವಾಹನ ರಸ್ತೆಯನ್ನು ಬಿಟ್ಟು ಹೊರಕ್ಕೆ ಜಾರುತ್ತದೆ.

ಅದಕ್ಕಾಗಿ ಓಟದ ಚಾಲಕರು ಒಂದು ಉಪಾಯ ಮಾಡುತ್ತಾರೆ. ತಿರುವಿಗೆ ಹೊರ ಅಂಚಿನಿಂದ ಬಂದು, ನಡುವೆ ಒಳ ಅಂಚನ್ನು ಮುಟ್ಟಿ, ಮತ್ತೆ ಹೊರ ಅಂಚಿಗೆ ಹೋಗುತ್ತಾರೆ. ಇದರಿಂದ ಸಣ್ಣ ತಿರುವು ದೊಡ್ಡದಾದಂತೆ ಆಗುತ್ತದೆ. ಓಟದ ದಿನ ಎದುರಿನಿಂದ ಯಾರೂ ಬರುವುದಿಲ್ಲ, ಆದ್ದರಿಂದ ಇಡೀ ರಸ್ತೆ ಅವರದು. ಘಾಟಿನಲ್ಲಿ ಹಾಗೆ ಮಾಡಿದರೆ ಏನಾದೀತು, ನೀವೇ ಯೋಚಿಸಿ.

ಬ್ರೇಕು ಹಾಕಿ ವಿದ್ಯುತ್ ಪಡೆದರು

ಡೈನಮೋ ಇರುವ ಸೈಕಲ್ಲನ್ನು ತುಳಿದಿದ್ದೀರಾ? ಡೈನಮೋ ಚಕ್ರಕ್ಕೆ ತಾಗಿದೊಡನೆ ದೀಪ ಹೊತ್ತುತ್ತದೆ, ತುಳಿಯುವುದು ಭಾರವಾಗುತ್ತದೆ. ಅಂದರೆ ನಿಮ್ಮ ಕಾಲಿನ ಶಕ್ತಿಯ ಒಂದು ಪಾಲು ವಿದ್ಯುತ್ ಆಯಿತು.

ಹೈದರಾಬಾದಿನಲ್ಲಿ ಓಡಿದ ಕಾರುಗಳಲ್ಲೂ ಹೀಗೆಯೇ. ಚಾಲಕ ವೇಗ ತಗ್ಗಿಸುವಾಗ ಚಕ್ರ ಮೋಟಾರನ್ನು ತಿರುಗಿಸುತ್ತದೆ. ಮೋಟಾರು ಆಗ ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ ಕಳಿಸುತ್ತದೆ. ಸಾಮಾನ್ಯ ಬ್ರೇಕಿನಲ್ಲಿ ಶಾಖವಾಗಿ ಹೋಗುವ ಶಕ್ತಿ ಇಲ್ಲಿ ಉಳಿಯುತ್ತದೆ. ಒಂದು ಓಟದಲ್ಲಿ ಬಳಸುವ ಶಕ್ತಿಯ ಸುಮಾರು ಶೇ. 40ರಷ್ಟು ಹೀಗೆ ಮರಳಿ ಸಿಗುತ್ತದೆಂದು ಸಂಘಟಕರು ಹೇಳಿದ್ದರು. ಕೊನೆಯ ಸುತ್ತುಗಳಲ್ಲಿ ವೆರ್ನ್ ಅವರ ಬ್ಯಾಟರಿಯಲ್ಲಿ, ಬೆನ್ನಿಗೇ ಬರುತ್ತಿದ್ದ ನ್ಯೂಜಿಲೆಂಡಿನ ನಿಕ್ ಕ್ಯಾಸಿಡಿಗಿಂತ ಕಡಿಮೆ ಶಕ್ತಿ ಉಳಿದಿತ್ತು. ಆದರೂ ಶಕ್ತಿಯನ್ನು ಜೋಪಾನವಾಗಿ ಬಳಸಿ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಗೆದ್ದರು. ಅಲ್ಲಿ ವೇಗದಷ್ಟೇ ಮುಖ್ಯವಾದದ್ದು ಉಳಿತಾಯ.

ಕೊನೆಯ ಓಟಕ್ಕೆ ಕಾದ ಊರು

ಹೈದರಾಬಾದಿನವರಿಗೆ ಮುಂದಿನ ಓಟ ತಪ್ಪುತ್ತದೆಂಬುದು ತಿಳಿದಿರಲಿಲ್ಲ. ಕೊನೆಯ ಓಟ ಎಂದು ಮೊದಲೇ ಗೊತ್ತಿದ್ದು ಕಾದ ಊರೂ ಒಂದಿದೆ. ಅದು ಆಸ್ಟ್ರೇಲಿಯಾದ ಅಡಿಲೇಡ್. ಅಲ್ಲಿನ ಬೀದಿಗಳಲ್ಲಿ 1985ರಿಂದ ಪ್ರತಿ ವರ್ಷ 'ಫಾರ್ಮುಲಾ ಒನ್' ಓಟ ನಡೆಯುತ್ತಿತ್ತು. 1996ರಿಂದ ಅದು ಮೆಲ್ಬರ್ನ್ ನಗರಕ್ಕೆ ಹೋಗುವುದೆಂದು ತೀರ್ಮಾನವಾಯಿತು. 1995ರ ನವೆಂಬರ್ 12ರಂದು ಕೊನೆಯ ಓಟ. ಅದನ್ನು ನೋಡಲು ಆ ಒಂದೇ ದಿನ 2 ಲಕ್ಷಕ್ಕೂ ಹೆಚ್ಚು ಜನ ಸೇರಿದರು.

ಆದರೆ ಓಟಕ್ಕೆ ಎರಡು ದಿನ ಮುಂಚೆ ಎಲ್ಲರ ಎದೆ ನಡುಗುವ ಘಟನೆ ನಡೆಯಿತು. ಫಿನ್ಲೆಂಡಿನ ಮಿಕಾ ಹಾಕಿನೆನ್ ಅವರ ಕಾರಿನ ಹಿಂದಿನ ಟೈರಿನ ಗಾಳಿ ಹೋಯಿತು. ಕಾರು ತಿರುಗಿ ಗೋಡೆಗೆ ಅಪ್ಪಳಿಸಿತು. ತಲೆಗೆ ಪೆಟ್ಟಾಗಿ ಅವರಿಗೆ ಉಸಿರಾಡಲು ಆಗಲಿಲ್ಲ. ಪಥದ ಪಕ್ಕದಲ್ಲೇ ಸಿದ್ಧವಾಗಿ ನಿಂತಿದ್ದ ವೈದ್ಯರು ಓಡಿ ಬಂದು, ಅಲ್ಲಿಯೇ ಗಂಟಲಿನಲ್ಲಿ ಸಣ್ಣ ರಂಧ್ರ ಮಾಡಿ ಉಸಿರಿಗೆ ದಾರಿ ಮಾಡಿದರು. ಜೀವ ಉಳಿಯಿತು. ಹಾಕಿನೆನ್ ಮರುವರ್ಷವೇ ಓಟಕ್ಕೆ ಮರಳಿದರು. 1998 ಮತ್ತು 1999ರಲ್ಲಿ ವಿಶ್ವ ಚಾಂಪಿಯನ್ ಆದರು.

ಗೋಡೆಗೆ ಬಡಿದರೆ ಅಷ್ಟು ಪೆಟ್ಟಾಗುವುದೇಕೆ? ವೇಗವಾಗಿ ಬರುವ ಚೆಂಡನ್ನು ಹಿಡಿಯುವಾಗ ನೀವು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಿ. ಆಗ ಚೆಂಡು ನಿಲ್ಲಲು ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ, ಕೈಗೆ ಪೆಟ್ಟು ಕಡಿಮೆ. ಗೋಡೆ ಹಿಂದಕ್ಕೆ ಸರಿಯುವುದಿಲ್ಲ. ಅದಕ್ಕೇ ಅದರ ಮುಂದೆ ಟೈರುಗಳ ರಾಶಿ ಕಟ್ಟುತ್ತಾರೆ. ಟೈರು ಅದುಮಿಕೊಂಡು ಕಾರನ್ನು ನಿಧಾನವಾಗಿ ನಿಲ್ಲಿಸುತ್ತದೆ. 1996ರಿಂದ ಚಾಲಕನ ತಲೆಯ ಸುತ್ತ ಎತ್ತರದ ಮೆತ್ತೆಯನ್ನೂ, 2003ರಿಂದ ಕುತ್ತಿಗೆ ಕಾಯುವ ಪಟ್ಟಿಯನ್ನೂ ಫಾರ್ಮುಲಾ ಒನ್‌ನಲ್ಲಿ ಕಡ್ಡಾಯ ಮಾಡಿದರು.

ಅಡಿಲೇಡಿಗೆ ಫಾರ್ಮುಲಾ ಒನ್ ಮತ್ತೆ ಬರಲಿಲ್ಲ. 1999ರಿಂದ ಅದೇ ಬೀದಿಗಳ ಸ್ವಲ್ಪ ಚಿಕ್ಕ ಪಥದಲ್ಲಿ ಬೇರೆ ಬಗೆಯ ಕಾರುಗಳ ಓಟ ಶುರುವಾಯಿತು.

ರಸ್ತೆ ಮತ್ತೆ ರಸ್ತೆಯಾಗುತ್ತದೆ

ಬೀದಿ ಪಥ ಎಂದರೆ ಎರವಲು ತಂದ ಪಾತ್ರೆ ಇದ್ದಂತೆ. ಕೆಲಸ ಮುಗಿದೊಡನೆ ಹಿಂದಿರುಗಿಸಬೇಕು. ಪ್ರತಿ ವರ್ಷ ಗೋಡೆ, ಬೇಲಿ, ಆಸನಗಳನ್ನು ಕಟ್ಟಬೇಕು, ಬಿಚ್ಚಬೇಕು. ಆ ದಿನಗಳಲ್ಲಿ ಶಾಲೆಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೋಗುವವರು ಸುತ್ತು ಹಾಕಬೇಕು. ಖರ್ಚು ದೊಡ್ಡದು. ಜಾಗ ಮಾತ್ರ ಮನೆ, ಮರ, ಅಂಗಡಿಗಳ ನಡುವೆ ಇದ್ದಷ್ಟೇ. ಈ ಕಾರಣಗಳಿಂದ ಎಷ್ಟೋ ಬೀದಿ ಪಥಗಳ ಆಯುಸ್ಸು ಕಡಿಮೆ.

ನಮ್ಮ ರಸ್ತೆಯಲ್ಲಿ ಏನಿಲ್ಲ?

ಓಟದ ರಸ್ತೆಯಲ್ಲಿ ಗೋಡೆ, ಟೈರಿನ ರಾಶಿ, ಹೆಲ್ಮೆಟ್ಟು, ಪಕ್ಕದಲ್ಲೇ ವೈದ್ಯರು ಎಲ್ಲ ಇರುತ್ತಾರೆ. ಆದರೂ ಅಪಘಾತ ಆಗುತ್ತದೆ. ನಮ್ಮ ಊರ ರಸ್ತೆಯಲ್ಲಿ ಇವು ಯಾವುವೂ ಇಲ್ಲ. ಆದರೆ ವಿಜ್ಞಾನದ ನಿಯಮ ಎರಡೂ ಕಡೆ ಒಂದೇ.

ಒಂದು ಲೆಕ್ಕ ಮಾಡೋಣ. ಗಂಟೆಗೆ 36 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 10 ಮೀಟರ್. ಅಡ್ಡ ಬಂದದ್ದನ್ನು ಕಂಡು ಬ್ರೇಕು ತುಳಿಯಲು ಚಾಲಕನಿಗೆ 1 ಸೆಕೆಂಡು ಬೇಕು ಎಂದುಕೊಳ್ಳಿ. ಅಷ್ಟರಲ್ಲಿ ವಾಹನ 10 ಮೀಟರ್ ಮುಂದೆ ಬಂದಿರುತ್ತದೆ. ಒಣಗಿದ, ಒಳ್ಳೆಯ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 7 ಮೀಟರ್ ಬೇಕು. ಒಟ್ಟು 17 ಮೀಟರ್, ಹೆಚ್ಚು ಕಡಿಮೆ ಒಂದು ವಾಲಿಬಾಲ್ ಅಂಗಳದ ಉದ್ದ. ವೇಗ 72 ಕಿ.ಮೀ. ಆದರೆ? ಬ್ರೇಕು ತುಳಿಯುವ ಮುನ್ನ 20 ಮೀಟರ್, ಆಮೇಲೆ ಸುಮಾರು 29 ಮೀಟರ್. ಒಟ್ಟು 49 ಮೀಟರ್! ವೇಗ ಎರಡು ಪಟ್ಟಾದಾಗ ಬ್ರೇಕಿನ ದೂರ ನಾಲ್ಕು ಪಟ್ಟಾಯಿತು. ಮಳೆಯಲ್ಲಿ ಇದು ಇನ್ನೂ ಹೆಚ್ಚು.

ಈಗ ಕಬ್ಬಿನ ಹಂಗಾಮನ್ನು ನೆನೆಯಿರಿ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಟ್ರ್ಯಾಕ್ಟರ್ ಕಾರ್ಖಾನೆಗೆ ಹೊರಟಿದೆ. ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ ಅಷ್ಟೂ ಹೊರೆಯನ್ನು ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು. ಅದು ಥಟ್ಟನೆ ನಿಲ್ಲಲಾರದು. ಒಂದು ಜಲ್ಲೆ ಕಬ್ಬಿನ ಆಸೆಗೆ ಅದರ ಹಿಂದೆ ಓಡಿ ಜೋತುಬೀಳುವ ಗೆಳೆಯರಿಗೆ ಈ ಲೆಕ್ಕವನ್ನು ನೀವೇ ತಿಳಿಸಿ.

ಮಾಡಿ ನೋಡಿ

ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ 17 ಮೀಟರ್ ಮತ್ತು 49 ಮೀಟರ್ ಉದ್ದದ ಎರಡು ಗೆರೆ ಎಳೆಯಿರಿ. ಅಂಗಳ ಸಾಲದಿದ್ದರೆ ಹೆಜ್ಜೆಯ ಲೆಕ್ಕದಲ್ಲಿ ಅಂಗಳವನ್ನು ಸುತ್ತಿ ಬನ್ನಿ. ರಸ್ತೆಯಲ್ಲಿ ಮಾತ್ರ ಅಳೆಯಬೇಡಿ. ಗೆರೆಯ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯ ಗೆಳೆಯನನ್ನು ನೋಡಿ. ಅವನು ವಾಹನ, ನೀವು ರಸ್ತೆ ದಾಟುವವರು. ಅವನು ಎಷ್ಟು ದೂರ ಇದ್ದಾಗ ದಾಟಬಹುದು? ನಿಮ್ಮ ಉತ್ತರವನ್ನು ಗುರುಗಳೊಂದಿಗೆ ಚರ್ಚಿಸಿ.