ಕವಲೊಡೆದ ಕೊಳವೆ, ಉಸಿರುಗಟ್ಟಿದ ಊರು

ಪರೀಕ್ಷೆ ಹತ್ತಿರ ಬಂದಿರುವಾಗ ಮಗನೋ ಮಗಳೋ ಕಂಪ್ಯೂಟರ್ ಮುಂದೆ ಕುಳಿತು ನೀರಿನ ಪೈಪು ಜೋಡಿಸುತ್ತಿದ್ದರೆ ಮನೆಯವರಿಗೆ ಸಿಟ್ಟು ಬರುವುದು ಸಹಜ. ಅಷ್ಟರಲ್ಲಿ ಪರದೆಯ ಮೇಲೆ ಎಂಟು ಮಂದಿ ಉಸಿರಿಗಾಗಿ ಒದ್ದಾಡುತ್ತಿರುತ್ತಾರೆ. ಪಂಪು ಓಡುತ್ತಿದೆ, ನೀರು ಬರುತ್ತಿದೆ, ಪೈಪು ಎಲ್ಲಿಯೂ ಒಡೆದಿಲ್ಲ. ಆದರೂ ಗಾಳಿ ಸಾಲದು. ತಪ್ಪು ಎಲ್ಲಿದೆ?

ಆಟದ ಹೆಸರು ‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’, ಅಂದರೆ ‘ಆಮ್ಲಜನಕ ಸೇರಿಲ್ಲ’. ಕೆನಡಾದ ವ್ಯಾಂಕೂವರ್‌ನ ಕ್ಲೇ ಎಂಟರ್‌ಟೇನ್‌ಮೆಂಟ್ ಸಂಸ್ಥೆ ಇದನ್ನು 2019ರಲ್ಲಿ ಪೂರ್ಣರೂಪದಲ್ಲಿ ಹೊರತಂದಿತು. ಕ್ಷುದ್ರಗ್ರಹವೊಂದರ ಹೊಟ್ಟೆಯೊಳಗೆ ಮೂವರಿಂದ ಆರಂಭವಾಗುವ ಊರನ್ನು ಬೆಳೆಸುತ್ತ ಹೋಗುವುದೇ ಆಟ. ಗುಂಡು ಹಾರಿಸಿ ಗೆಲ್ಲುವ ಆಟವಲ್ಲ. ಇಲ್ಲಿ ಕೊಲ್ಲುವುದು ಹೆಚ್ಚಾಗಿ ಆಟಗಾರನ ಲೆಕ್ಕದ ತಪ್ಪು.

ಊರಿನ ಗಾಳಿ ಹುಟ್ಟುವುದು ನೀರಿನಿಂದ. ವಿದ್ಯುದ್ವಿಭಜನೆಯ ಯಂತ್ರವೊಂದು ಸೆಕೆಂಡಿಗೆ 1 ಕಿಲೋ ನೀರು ಕುಡಿದು 888 ಗ್ರಾಂ ಆಮ್ಲಜನಕ, 112 ಗ್ರಾಂ ಜಲಜನಕ ಕೊಡುತ್ತದೆ. ವಿಜ್ಞಾನದ ವಿದ್ಯಾರ್ಥಿಗೆ ಈ ಅಂಕಿ ಪರಿಚಿತ. ನೀರಿನ ಅಣುತೂಕ 18ರಲ್ಲಿ ಆಮ್ಲಜನಕದ ಪಾಲು 16 ತಾನೆ? ಆದರೆ ಉಸಿರಾಟದ ಲೆಕ್ಕ ಮಾತ್ರ ಶುದ್ಧ ಕಲ್ಪನೆ. ಆಟದಲ್ಲಿ ಒಬ್ಬೊಬ್ಬರಿಗೆ ಸೆಕೆಂಡಿಗೆ 100 ಗ್ರಾಂ ಬೇಕು. ನಿಜವಾದ ಮನುಷ್ಯನಿಗೆ ಇಡೀ ದಿನಕ್ಕೆ ಒಂದು ಕಿಲೋ ಕೂಡ ಬೇಡ.

ಒಂದು ನೀರಿನ ಪೈಪು ಸೆಕೆಂಡಿಗೆ ಹೆಚ್ಚೆಂದರೆ 10 ಕಿಲೋ ಸಾಗಿಸುತ್ತದೆ. ಪೈಪು ಕವಲೊಡೆದ ಕಡೆ ನೀರು ಸರದಿಯಂತೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹೋಗುತ್ತದೆ. ಒಂದು ಕವಲು ತುಂಬಿ ನಿಂತರೆ ಎಲ್ಲವೂ ಇನ್ನೊಂದಕ್ಕೆ. ನೀರು ಧಾರಾಳವಾಗಿರುವ ತನಕ ಈ ಸಮಪಾಲು ಯಾರನ್ನೂ ಕಾಡುವುದಿಲ್ಲ. ಬಾವಿ ತಳ ಕಂಡು, ಬರುವ ನೀರು ಸೆಕೆಂಡಿಗೆ 2 ಕಿಲೋಗೆ ಇಳಿಯಿತೆನ್ನಿ. ಮೊದಲ ಕವಲು 5,000 ಕಿಲೋ ಹಿಡಿಯುವ ಖಾಲಿ ಟ್ಯಾಂಕಿಗೆ. ಅದು ಅರ್ಧ, ಅಂದರೆ 1 ಕಿಲೋ ಎಳೆದುಕೊಳ್ಳುತ್ತದೆ. ಮುಂದಿನ ಕವಲು ತೋಟದ ಟ್ಯಾಂಕಿಗೆ. ಅದಕ್ಕೆ ಉಳಿದದ್ದರಲ್ಲಿ ಅರ್ಧ. ಕೊನೆಯಲ್ಲಿರುವ ಗಾಳಿಯಂತ್ರಕ್ಕೆ ಸಿಗುವುದು ಅರ್ಧ ಕಿಲೋ. ಅದರಿಂದ 444 ಗ್ರಾಂ ಆಮ್ಲಜನಕ, ನಾಲ್ಕೇ ಜನರ ಉಸಿರು. ಊರಿನಲ್ಲಿರುವುದು ಎಂಟು ಮಂದಿ!

ಮೊದಲ ಟ್ಯಾಂಕು ತುಂಬಲು 5,000 ಸೆಕೆಂಡು ಬೇಕು. ಆಟದ ಒಂದು ದಿನ 600 ಸೆಕೆಂಡು. ಹಾಗಾಗಿ ಎಂಟು ದಿನ ದಾಟಿದರೂ ಟ್ಯಾಂಕು ತುಂಬದು. ಅಷ್ಟು ದಿನ ಉಸಿರು ಬಿಗಿಹಿಡಿದು ಕೂರುವವರು ಯಾರು?

ಇದಕ್ಕೆ ಪರಿಹಾರ ‘ಸೇತುವೆ’ ಎಂಬ ಪುಟ್ಟ ಜೋಡಣೆ. ಒಂದು ಪೈಪಿನ ಮೇಲೆ ಇನ್ನೊಂದನ್ನು ದಾಟಿಸಲು ಮಾಡಿದ್ದು ಅದು. ಆದರೆ ಅದಕ್ಕೊಂದು ಗುಣವಿದೆ. ಹರಿಯುವ ಪೈಪಿನ ಮೇಲೆ ಅದರ ಬಾಯಿ ಇಟ್ಟರೆ ತನಗೆ ಬೇಕಾದಷ್ಟನ್ನು ಮೊದಲು ತೆಗೆದುಕೊಂಡು, ಮಿಕ್ಕಿದ್ದನ್ನು ಮಾತ್ರ ಮುಂದೆ ಬಿಡುತ್ತದೆ. ಪೈಪಿನ ಆರಂಭದಲ್ಲೇ ಸೇತುವೆಯಿಟ್ಟು ಗಾಳಿಯಂತ್ರಕ್ಕೆ ಜೋಡಿಸಿದರೆ ಯಂತ್ರಕ್ಕೆ ಪೂರ್ತಿ 1 ಕಿಲೋ. ಟ್ಯಾಂಕುಗಳು ನಿಧಾನವಾಗಿ ತುಂಬಲಿ. ಸೇತುವೆಯ ಇನ್ನೊಂದು ತುದಿಯ ಸ್ವಭಾವ ತದ್ವಿರುದ್ಧ. ಹರಿಯುವ ಪೈಪಿಗೆ ಅದು ಬಂದು ಸೇರುವಾಗ ಅಲ್ಲಿರುವ ನೀರಿಗೆ ದಾರಿ ಬಿಟ್ಟು, ಜಾಗವಿದ್ದರಷ್ಟೇ ತನ್ನದನ್ನು ಸೇರಿಸುತ್ತದೆ. ಶುದ್ಧಿ ಮಾಡಿದ ಬಳಕೆಯ ನೀರು ಮುಖ್ಯ ಪೈಪಿನಲ್ಲಿ, ಹೊಸ ನೀರು ಸೇತುವೆಯಲ್ಲಿ. ಹಳೆಯದು ಸಾಲದಿದ್ದಾಗ ಮಾತ್ರ ಹೊಸದು.

ಈ ಮರುಬಳಕೆಯಲ್ಲೂ ಒಂದು ಗುಂಡಿ ಇದೆ. ಆಟದ ಪಾಯಿಖಾನೆ ಒಂದು ಸಲಕ್ಕೆ 5 ಕಿಲೋ ನೀರು ತೆಗೆದುಕೊಂಡು 11.7 ಕಿಲೋ ಕೊಳಚೆ ನೀರು ಹೊರಬಿಡುತ್ತದೆ! ಅದನ್ನು ಸೋಸಿ ಅದೇ ಪಾಯಿಖಾನೆಗೆ ಸುತ್ತುಹಾಕಿಸಿದರೆ ಪ್ರತಿ ಬಾರಿಯೂ ನೀರು ಹೆಚ್ಚುತ್ತಲೇ ಹೋಗುತ್ತದೆ. ಹೆಚ್ಚಾದದ್ದಕ್ಕೆ ಹೊರದಾರಿ ಇಲ್ಲದಿದ್ದರೆ ಒಂದು ದಿನ ಪೈಪು ತುಂಬಿ ಸ್ತಬ್ಧ. ಬೆಳಿಗ್ಗೆ ಎದ್ದವರ ಪಾಡು ಹೇಳುವುದು ಬೇಡ. ಹೊಸ ಆಟಗಾರರಿಗೆ ನೀರಿನ ಕೊರತೆಯಷ್ಟೇ ಹೆಚ್ಚಳವೂ ಕಾಟ ಕೊಡುತ್ತದೆ.

ನಿಜವಾದ ಕೊಳಾಯಿ ಕೆಲಸ ಇದರಿಂದ ಬರುವುದಿಲ್ಲ, ಅದೂ ಹೇಳಬೇಕು. ಮನೆಯ ಪೈಪಿನಲ್ಲಿ ಹರಿವನ್ನು ಹಂಚುವುದು ಒತ್ತಡ, ಎತ್ತರ, ಪೈಪಿನ ಅಗಲ. ಆಟದ ಪೈಪಿಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ಸರದಿಯೊಂದೇ ಗೊತ್ತು.

ಆದರೆ ನೀರಿನಿಂದ ಗಾಳಿ, ಮೂತ್ರದಿಂದ ನೀರು ಎಂಬುದು ಬರೀ ಆಟವಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅಮೆರಿಕದ ನಾಸಾ 2006ರಲ್ಲಿ ಆಮ್ಲಜನಕ ತಯಾರಿಸುವ ಇಂಥದ್ದೇ ಯಂತ್ರವನ್ನೂ, 2008ರಲ್ಲಿ ಮೂತ್ರವನ್ನು ಬಟ್ಟಿ ಇಳಿಸುವ ಯಂತ್ರವನ್ನೂ ಕಳುಹಿಸಿತು. ಎರಡನೆಯದು 2009ರಲ್ಲಿ ಕಟ್ಟಿಕೊಂಡಿತು. ತೂಕವಿಲ್ಲದ ಸ್ಥಿತಿಯಲ್ಲಿ ಯಾತ್ರಿಗಳ ಮೂಳೆ ಸವೆದು ಸುಣ್ಣದಂಶ ಮೂತ್ರಕ್ಕೆ ಸೇರುತ್ತಿತ್ತು. ಮೂತ್ರ ಕೆಡದಂತೆ ಹಾಕುತ್ತಿದ್ದ ಸಲ್ಫ್ಯೂರಿಕ್ ಆಮ್ಲದೊಡನೆ ಅದು ಕೂಡಿ ಗಟ್ಟಿಯಾಗಿ ಕೂತಿತು. ಸ್ವಲ್ಪ ಕಾಲ ಕಡಿಮೆ ನೀರು ತೆಗೆದು ಸುಧಾರಿಸಿದರು. ಆಮೇಲೆ ಆ ಆಮ್ಲದ ಬದಲು ಫಾಸ್ಫಾರಿಕ್ ಆಮ್ಲ ಬಳಸಿದರು. ಯಾತ್ರಿಗಳ ಬೆವರು, ಉಸಿರಿನ ತೇವ, ಮೂತ್ರ ಎಲ್ಲ ಸೇರಿ 98 ಶೇಕಡಾ ನೀರು ಮರಳಿ ಸಿಕ್ಕಿದೆಯೆಂದು ನಾಸಾ ಪ್ರಕಟಿಸಿದ್ದು 2023ರಲ್ಲಿ.