ಫೈಲ್ ಹೆಸರು ಕನ್ನಡದಲ್ಲಿದ್ರೆ ಸ್ಕ್ರಿಪ್ಟ್ ಯಾಕೆ ಸುಮ್ಮನಾಗುತ್ತೆ?

ಇವತ್ತು ಹತ್ತು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್ ಕತೆ.

ವಾಡಿಯಲ್ಲಿರೋ ನನ್ನ ಕಿರಿಯ ಗೆಳೆಯನೊಬ್ಬ ಕಲ್ಲಿನ ಗಣಿ ಕೂಲಿಕಾರರ ಹಾಜರಿಯನ್ನು ಗಿಟ್‌ನಲ್ಲಿ ಇಡ್ತಾನೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಅಂತ ಊರಿಗೊಂದು ಫೈಲು, ಜೊತೆಗೆ ‘ಶಹಾಬಾದ್ ಕಲ್ಲು’ ಅನ್ನೋದು. ಕಮಿಟ್‌ಗೆ ಮೊದಲು ಸ್ಕ್ರಿಪ್ಟ್ ಓಡಿ, ಖಾಲಿ ಬಿಟ್ಟ ಮನೆ ಇದ್ರೆ ತಡೀಬೇಕು. ಖಾಲಿ ಉಳಿದರೆ ಒಬ್ಬರ ಒಂದು ದಿನದ ಕೂಲಿ ಹೋಯ್ತು ಅಂತ ಅರ್ಥ. ಮೂರು ವಾರ ಅದು ‘ಎಲ್ಲಾ ಬರೋಬ್ಬರಿ’ ಅಂತು. ಶಹಾಬಾದ್ ಫೈಲಿನಲ್ಲಿ ಎರಡು ಮನೆ ಖಾಲಿ ಇದ್ವು.

ಕಾರಣ ಇಷ್ಟು. ‘ವಾಡಿ’ ನಮಗೆ ಎರಡಕ್ಷರ, ಕಂಪ್ಯೂಟರಿಗೆ 12 ಬೈಟು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಗಿಟ್, ಇಂಗ್ಲಿಷೇತರ ಹೆಸರುಗಳ ಪಟ್ಟಿ ಕೊಡುವಾಗ ಸಾಮಾನ್ಯವಾಗಿ ಒಂದೊಂದು ಬೈಟನ್ನೂ ಅಂಕಿ ಮಾಡಿ ತೋರಿಸುತ್ತೆ. ‘ವ’ ಅಂದ್ರೆ 340, 262, 265. ಸ್ಕ್ರಿಪ್ಟ್ ಆ ಅಂಕಿಗಳ ಹೆಸರಿನ ಫೈಲನ್ನೇ ಹುಡುಕುತ್ತೆ, ಸಿಗಲ್ಲ, ಮುಂದೆ ಹೋಗುತ್ತೆ. ಸಿಗದಿದ್ದಾಗ ಕೂಗಬೇಕಿತ್ತು ನೋಡಿ, ಅಸಲಿ ತಪ್ಪು ಅದೇ.

“ಅಣ್ಣಾ, ಸರಿ ಮಾಡೀನಿ, ಒಮ್ಮೆ ನೋಡ್ರಿ” ಅಂತ ಪ್ಯಾಚ್ ಬಂತು. ನಾನು ಓದೋಕೆ ಕೂರಲಿಲ್ಲ. ಬೇಕಂತಲೇ ಮನೆ ಖಾಲಿ ಬಿಟ್ಟು ಓಡಿಸಿದೆ. ವಾಡಿ ಸಿಕ್ಕಿತು, ಶಹಾಬಾದ್ ಮತ್ತೆ ತಪ್ಪಿಸಿಕೊಂಡಿತು.

ಅವನು ಎರಡು ಕೆಲಸ ಮಾಡಿದ್ದ. ‘ಕೋರ್ ಡಾಟ್ ಕೋಟ್‌ಪಾತ್’ ಅನ್ನೋ ಸೆಟ್ಟಿಂಗನ್ನು ಫಾಲ್ಸ್ ಮಾಡಿದ್ದ. ಆದರೆ ಅದು ಅವನ ಯಂತ್ರದ್ದು ಮಾತ್ರ. ಬೇರೆಯವರು ಕ್ಲೋನ್ ಮಾಡಿಕೊಂಡರೆ ಜೊತೆಗೆ ಬರಲ್ಲ. ಎರಡನೇದು, ವೇರಿಯಬಲ್ ಸುತ್ತ ಜೋಡಿ ಉದ್ಧರಣ ಚಿಹ್ನೆ. ಒಳ್ಳೇ ಅಭ್ಯಾಸವೇ, ಆದರೆ ತಡವಾಗಿತ್ತು: ‘ಫಾರ್’ ಸಾಲು ಅಷ್ಟೊತ್ತಿಗೆ ಜಾಗ ಕಂಡಲ್ಲಿ ಮುರಿದು, ‘ಶಹಾಬಾದ್’ ಒಂದು, ‘ಕಲ್ಲು’ ಒಂದು ಮಾಡಿಬಿಟ್ಟಿತ್ತು.

ನಾನು ಬರೆದೆ: ‘ಗಿಟ್ ಡಿಫ್‌ಗೆ ಹೈಫನ್ ಝಡ್ ಹಾಕು. ಹೆಸರು ಇದ್ದಂಗೇ ಬರುತ್ತೆ, ಹೆಸರುಗಳ ನಡುವೆ ಸೊನ್ನೆ ಬೈಟ್ ಇರುತ್ತೆ. ಅದನ್ನು ಎಕ್ಸಾರ್ಗ್ಸ್ ಹೈಫನ್ ಸೊನ್ನೆಗೆ ಕೊಡು. ಫೈಲ್ ಸಿಗದಿದ್ರೆ ಅಲ್ಲೇ ನಿಲ್ಲಿಸು.’ ಪೈಪಿನ ಮುಂದೆ ‘ವೈಲ್’ ಬೇಡ ಅಂತಲೂ ಸೇರಿಸಿದೆ. ಅದು ಸಾಮಾನ್ಯವಾಗಿ ಬೇರೆ ಶೆಲ್ಲಿನಲ್ಲಿ ಓಡುತ್ತೆ, ಒಳಗೆ ಎಣಿಸಿದ ತಪ್ಪು ಹೊರಗೆ ಬರಲ್ಲ. ನಾನೂ ಒಮ್ಮೆ ಇದಕ್ಕೆ ಅರ್ಧ ದಿನ ಕಳೆದಿದ್ದೀನಿ.

ರಾತ್ರಿ ಎರಡನೇ ಪ್ಯಾಚ್ ಬಂತು. ಓಡಿಸಿದೆ. ಕಮಿಟ್ ನಿಂತಿತು, ಶಹಾಬಾದಿನ ಎರಡೂ ಮನೆ ತೋರಿಸಿತು. ಬೆಳಿಗ್ಗೆ ಅವನು ಮೇಸ್ತ್ರಿಗೆ ಫೋನ್ ಹಚ್ಚಿದ.